ಬಾಯಿಗೆ ಹತ್ತೋ ಹಾಡು, ತಲೆಗೆ ಹತ್ತದ ಹಾಡು: ಶರೀಫಜ್ಜನ ಪದ, ಒಂದು ಬ್ಯಾಂಡು ಮತ್ತು ರಂಗಂಪೇಟೆಯ ಜಗಳ

ಕಳೆದ ದೀಪಾವಳಿಗೆ ರಂಗಂಪೇಟೆಗೆ ಹೋಗಿದ್ದಾಗ ಚಹಾದಂಗಡಿ ಮುಂದೆ ಒಂದು ಜಗಳ ನಡೀತಿತ್ತು. ರಾಜಕೀಯದ್ದಲ್ಲ, ಕ್ರಿಕೆಟ್ಟಿಂದೂ ಅಲ್ಲ. ನನ್ನ ಕಾಕಾನ ಮಗ ಮತ್ತು ಅವನ ಮೂವರು ಗೆಳೆಯರು ಸಣ್ಣದೊಂದು ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡು ಕೂತಿದ್ದರು. ಅದರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಬ್ಯಾಂಡ್ ಹಾಡಿದ 'ಕೋಡಗನ ಕೋಳಿ ನುಂಗಿತ್ತ' ಬರ್ತಿತ್ತು.

"ಲೇ, ಇದರ ಮುಂದ ಅಶ್ವಥ್ ಅವರ ಹಾಡು ಸಪ್ಪಗ ಅನಸ್ತದ ನೋಡು" ಅಂದ ಒಬ್ಬ.

"ಏ ಹೋಗಲೇ. ಇದರಾಗ ಶರೀಫಜ್ಜ ಎಲ್ಲಿ ಅದಾನ? ಬರೇ ಗಿಟಾರ್ ಅದ, ಡ್ರಮ್ ಅದ" ಅಂದ ಇನ್ನೊಬ್ಬ.

ಮೂರನೆಯವನದು ಬೇರೆಯೇ ದೂರು. "ಇವರ ಛಲೋ ಹಾಡು ಸಿನಿಮಾದಾಗ ಅವ. ಆಲ್ಬಮ್‌ದಾಗ ಸುಮ್ಮ ಪ್ರಯೋಗ ಮಾಡ್ಯಾರ. ಯಾರಿಗಿ ತಿಳೀತದ ಅದು?"

ಕೆಟಲ್ ಎತ್ತಿ ಚಹಾ ಸೋಸುತ್ತಿದ್ದ ಮುತ್ಯಾ ನಡುವೆ ಬಾಯಿ ಹಾಕಿದ. "ನಾಲ್ಕು ಮಂದಿ ಕೂಡಿ ಹಾಡ್ಲಿಕ್ಕ ಬಂತಂದ್ರ ಅದು ಹಾಡು. ಇಲ್ಲಂದ್ರ ಬರೇ ಸಪ್ಪಳ."

ಕಾಕಾನ ಮಗ ನನ್ನ ಕಡೆ ತಿರುಗಿ, "ಯಣ್ಣಾ, ನೀ ಬರ್ಯಾವ ಇದ್ದಿ. ನೀನ ಹೇಳು, ಯಾರು ಖರೆ?" ಅಂತ ಕೇಳಿದ. ಆವತ್ತು ಏನೋ ಹೇಳಿ ಜಾರಿಕೊಂಡೆ. ಆದರೆ ಪ್ರಶ್ನೆ ತಲೆಯಲ್ಲೇ ಉಳೀತು. ಜನಕ್ಕೆ ಬೇಗ ಹಿಡಿಸುವ ಹಾಡು ಮತ್ತು ಹೊಸದನ್ನು ಹುಡುಕುವ ಹಾಡು, ಇವೆರಡೂ ನಿಜಕ್ಕೂ ಒಂದಕ್ಕೊಂದು ವಿರುದ್ಧವಾ? ಒಂದು ಬ್ಯಾಂಡು ಎರಡನ್ನೂ ಮಾಡಿದರೆ ಅಭಿಮಾನಿಗಳು ಯಾಕೆ ಕಿತ್ತಾಡ್ತಾರೆ? ಈ ಕಿತ್ತಾಟದಲ್ಲಿ ರಂಗಂಪೇಟೆಯಂಥ ಊರಿನ ಹುಡುಗರಿಗೆ ಸಂಬಂಧಪಟ್ಟದ್ದು ಏನಾದರೂ ಇದೆಯಾ? ಇದೆ ಅನ್ನೋದು ನನ್ನ ವಾದ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಜಗಳದ ಹಿನ್ನೆಲೆ

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ರಘು ದೀಕ್ಷಿತ್ ಪ್ರಾಜೆಕ್ಟ್ ಬ್ಯಾಂಡಿನ ಮೊದಲ ಆಲ್ಬಮ್ ಬಂದಿದ್ದು 2008ರಲ್ಲಿ, ಹಿಂದಿ ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಲೇಬಲ್ ಮೂಲಕ. ಆ ಒಂದೇ ಆಲ್ಬಮ್‌ನಲ್ಲಿ ಹಿಂದಿ ಹಾಡುಗಳಿದ್ದವು, ಇಂಗ್ಲಿಷ್ ಹಾಡಿತ್ತು, ಜೊತೆಗೆ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಕೂಡ ಇತ್ತು. 2010ರಲ್ಲಿ ಬ್ಯಾಂಡ್ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋನಲ್ಲಿ ಹಾಡಿತು. 2013ರಲ್ಲಿ ಎರಡನೇ ಆಲ್ಬಮ್ 'ಜಗ್ ಚಂಗಾ' ಬಂತು. ಅದರಲ್ಲೂ ಶರೀಫರು ಇದ್ದರು, 'ಲೋಕದ ಕಾಳಜಿ' ರೂಪದಲ್ಲಿ.

ಇನ್ನೊಂದು ಕಡೆ ಸಿನಿಮಾ. 2008ರ 'ಸೈಕೋ' ಚಿತ್ರದ ಮಾದೇಶ್ವರನ ಹಾಡು ಕರ್ನಾಟಕದ ಮೂಲೆ ಮೂಲೆಗೂ ಹೋಯಿತು. ಆಮೇಲೆ 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ', 2020ರಲ್ಲಿ 'ಲವ್ ಮಾಕ್ಟೇಲ್'. ಹೀಗಾಗಿ ಅಭಿಮಾನಿಗಳಲ್ಲಿ ಎರಡು ಪಂಗಡ ಸಹಜ. ಒಬ್ಬರು ಸಿನಿಮಾ ಹಾಡಿನ ಮೂಲಕ ಬಂದವರು, ಇನ್ನೊಬ್ಬರು ಆಲ್ಬಮ್ ಮತ್ತು ಲೈವ್ ಶೋ ಮೂಲಕ ಬಂದವರು. ಇವರಿಬ್ಬರ ಪಕ್ಕದಲ್ಲಿ ಮೂರನೆಯವರೂ ಇದ್ದಾರೆ. ಅಶ್ವಥ್ ದನಿಯಲ್ಲಿ ಶರೀಫರನ್ನು ಕೇಳಿ ಬೆಳೆದವರು. ಅವರಿಗೆ ಶರೀಫಜ್ಜನ ಪದಕ್ಕೆ ಡ್ರಮ್ಸ್ ಕೂಡಿಸಿದ್ದೇ ಸಹಿಸಲಾಗದ ಮಾತು.

ಇದು ಒಂದೇ ಬ್ಯಾಂಡಿನ ಕತೆಯಲ್ಲ. ವಾಸು ದೀಕ್ಷಿತ್ ಅವರ 'ಸ್ವರಾತ್ಮ' 2009ರ ಮೊದಲ ಆಲ್ಬಮ್‌ನಲ್ಲಿ ಜಾನಪದದ ಲಯ ಹಿಡಿದು ಕುಣಿಸಿತು, 2012ರ 'ಟೋಪಿವಾಲೆ'ಯಲ್ಲಿ ರಾಜಕೀಯ ವ್ಯಂಗ್ಯಕ್ಕೆ ಇಳಿಯಿತು. ಅಲ್ಲೂ ಇದೇ ಪ್ರಶ್ನೆ ಬರುತ್ತೆ: ನಮಗೆ ಮೊದಲಿನದ್ದೇ ಬೇಕಾ, ಹೊಸದು ಬೇಕಾ?

ಹಾಡು ಬಾಯಿಗೆ ಹತ್ತೋದು ಹೇಗೆ?

'ಕ್ಯಾಚಿ' ಅನ್ನೋ ಪದವನ್ನು ನಾವು ಹೊಗಳೋಕೂ ಬಳಸ್ತೀವಿ, ಬಯ್ಯೋಕೂ ಬಳಸ್ತೀವಿ. ಅದರ ಹಿಂದೆ ಒಂದು ಸರಳ ಲೆಕ್ಕ ಇದೆ.

ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಅರ್ಥವೇ ಇಲ್ಲದ ಪದವನ್ನೋ ಚಿಹ್ನೆಯನ್ನೋ ಜನರಿಗೆ ಮತ್ತೆ ಮತ್ತೆ ತೋರಿಸಿದರೆ, ಬರೀ ಪರಿಚಯದ ಕಾರಣಕ್ಕೇ ಅದು ಅವರಿಗೆ ಇಷ್ಟವಾಗತೊಡಗುತ್ತೆ. ಪಲ್ಲವಿಯನ್ನು ನಾಲ್ಕು ಸಲ ಹಾಡೋದು ಇದಕ್ಕೇ. ಎರಡನೇ ಸಲ ಕೇಳುವಾಗ ಮುಂದಿನ ಸ್ವರ ಯಾವುದು ಅಂತ ಕಿವಿ ಊಹಿಸುತ್ತೆ. ಊಹೆ ನಿಜವಾದಾಗ ಖುಷಿ.

ಆದರೆ ಅದನ್ನೇ ನೂರು ಸಲ ಕೇಳಿಸಿದರೆ ತಲೆ ಚಿಟ್ಟು ಹಿಡಿಯುತ್ತೆ. ಡೇನಿಯಲ್ ಬರ್ಲಿನ್ ಎಂಬ ಇನ್ನೊಬ್ಬ ಮನಃಶಾಸ್ತ್ರಜ್ಞ 1971ರ ತನ್ನ ಪುಸ್ತಕದಲ್ಲಿ ಇದನ್ನು ಗುಡ್ಡದ ಆಕಾರದ ಗೆರೆಯಾಗಿ ಬಿಡಿಸಿದರು. ಎಡಗಡೆ ತೀರಾ ಪರಿಚಿತವಾದದ್ದು: ಬೇಜಾರು. ಬಲಗಡೆ ತೀರಾ ಅಪರಿಚಿತವಾದದ್ದು: ಗೊಂದಲ. ನಡುವೆ ಗುಡ್ಡದ ನೆತ್ತಿ. ಅಲ್ಲಿ ಅರ್ಧ ಗೊತ್ತಿರುತ್ತೆ, ಅರ್ಧ ಅಚ್ಚರಿ ಇರುತ್ತೆ. ನಮಗೆ ಹೆಚ್ಚು ಹಿಡಿಸೋದು ಅದೇ.

ಇಲ್ಲಿ ಮರೆಯಬಾರದ ಸಂಗತಿ ಅಂದ್ರೆ, ಈ ಗುಡ್ಡ ಎಲ್ಲರಿಗೂ ಒಂದೇ ಜಾಗದಲ್ಲಿ ಇರೋದಿಲ್ಲ. ರಾಕ್ ಸಂಗೀತವನ್ನೇ ಕೇಳದವರಿಗೆ ಗಿಟಾರ್ ಜೊತೆಗಿನ ಶರೀಫರು ಬಲಗಡೆಯ ಇಳಿಜಾರಿನಲ್ಲಿ ಕಾಣ್ತಾರೆ. ಹತ್ತು ವರ್ಷದಿಂದ ಇಂಥದ್ದನ್ನೇ ಕೇಳಿದವನಿಗೆ ಅದೇ ಹಾಡು ಹಳತಾಗಿರುತ್ತೆ. ಮೊದಲ ಆಲ್ಬಮನ್ನು ಇನ್ನೂರು ಸಲ ಕೇಳಿದ ಅಭಿಮಾನಿ ಎರಡನೆಯದರಲ್ಲಿ ಹೊಸದನ್ನು ಕೇಳ್ತಾನೆ. ನಿನ್ನೆ ತಾನೇ ಬಂದ ಅಭಿಮಾನಿ ಮೊದಲಿನಂಥದ್ದೇ ಇನ್ನೊಂದು ಬೇಕು ಅಂತಾನೆ. ಚಹಾದಂಗಡಿಯ ಮೂವರೂ ಒಂದೇ ಹಾಡು ಕೇಳ್ತಿದ್ದರು. ನಿಂತಿದ್ದು ಮಾತ್ರ ಗುಡ್ಡದ ಮೂರು ಬೇರೆ ಬೇರೆ ಜಾಗದಲ್ಲಿ. ಹಂಗಾಗಿ "ಯಾರು ಖರೆ" ಅನ್ನೋ ಪ್ರಶ್ನೆಗೆ ಉತ್ತರ ಸಿಗೋದು ಕಷ್ಟ.

ತತ್ವಪದದ ಕಟ್ಟೋಣ

ಈಗ ಆ ಹಾಡಿಗೇ ಬರೋಣ. ಕೋಡಗ ಅಂದ್ರೆ ಕೋತಿ. ಕೋತಿಯನ್ನು ಕೋಳಿ ನುಂಗಿತು ಅಂತ ಶುರುವಾಗುವ ಪದ ಅದು. ಲೋಕದಲ್ಲಿ ನಡೆಯದ್ದನ್ನೇ ಹೇಳುತ್ತೆ, ಕಾಣುವ ಅರ್ಥವನ್ನು ಬುಡಮೇಲು ಮಾಡುತ್ತೆ. ಇದಕ್ಕೆ ನಮ್ಮಲ್ಲಿ ಬೆಡಗು ಅಂತ ಹೆಸರಿದೆ. 12ನೇ ಶತಮಾನದ ಅಲ್ಲಮನ ಬೆಡಗಿನ ವಚನಗಳಿಂದ ಬಂದ ದಾರಿ ಇದು. ಪಂಡಿತರು ಇಂದಿಗೂ ಅರ್ಥಕ್ಕಾಗಿ ಹೆಣಗಾಡುವ ಸಾಹಿತ್ಯ.

ಅಂದರೆ ಮಾತಿನ ಮಟ್ಟದಲ್ಲಿ ಕನ್ನಡದ ಅತ್ಯಂತ ಪ್ರಯೋಗಶೀಲ ಹಾಡುಗಳಲ್ಲಿ ಇದೂ ಒಂದು. ಆದರೆ ಕನ್ನಡ ಶಾಲೆಯ ಎರಡನೇ ಕ್ಲಾಸಿನ ಹುಡುಗನೂ ಇದನ್ನು ಹಾಡಬಲ್ಲ. ಇದು ಹೇಗೆ ಸಾಧ್ಯ?

ಉತ್ತರ ತತ್ವಪದದ ಕಟ್ಟೋಣದಲ್ಲೇ ಇದೆ. ತತ್ವಪದವನ್ನು ಒಬ್ಬರು ವೇದಿಕೆ ಮೇಲೆ ನಿಂತು ಹಾಡಿ ಉಳಿದವರು ಕೇಳೋದಕ್ಕೆ ಮಾಡಿದ್ದಲ್ಲ. ಏಕತಾರಿ, ದಮ್ಮಡಿ, ತಾಳ ಹಿಡಿದು ಗುಂಪಾಗಿ ಕೂತು ಹಾಡೋದಕ್ಕೆ ಮಾಡಿದ್ದು. ಮುಂದಿನವರು ಒಂದು ನುಡಿ ಹಾಡ್ತಾರೆ, ಹಿಂದಿನವರು ಪಲ್ಲವಿ ಹಿಡೀತಾರೆ. ಪಲ್ಲವಿ ಎಲ್ಲರ ಬಾಯಿಗೂ ಹತ್ತಲೇಬೇಕು, ಇಲ್ಲಾಂದ್ರೆ ಹಿಮ್ಮೇಳವೇ ನಡೆಯೋದಿಲ್ಲ. ಪಲ್ಲವಿ ಅಷ್ಟು ಗಟ್ಟಿ ಇರೋದರಿಂದಲೇ ನುಡಿಗಳು ಎಷ್ಟು ದೂರ ಬೇಕಾದರೂ ಹೋಗಬಹುದು. ಒಗಟಿನಂಥ ನುಡಿ ಕೇಳಿ ತಲೆ ಗಿರ್ರಂದರೂ ಮತ್ತೆ ಪಲ್ಲವಿಗೆ ಬಂದಾಗ ಎಲ್ಲರೂ ಒಂದೇ ಕಡೆ ಸೇರ್ತಾರೆ. ಬರ್ಲಿನ್ ಬಿಡಿಸಿದ ಗುಡ್ಡದ ನೆತ್ತಿಯನ್ನು ತತ್ವಪದಕಾರರು ಅದಕ್ಕೂ ಬಹಳ ಮೊದಲೇ ಹತ್ತಿದ್ದರು.

ಮುತ್ಯಾ ಹೇಳಿದ "ನಾಲ್ಕು ಮಂದಿ ಕೂಡಿ ಹಾಡೋದು" ಅನ್ನೋ ಮಾತನ್ನು ಈ ಬೆಳಕಲ್ಲಿ ನೋಡಿ. ಅವನು ಪ್ರಯೋಗದ ವಿರುದ್ಧ ಮಾತಾಡ್ತಿರಲಿಲ್ಲ. ಪ್ರಯೋಗ ನಿಲ್ಲೋದಕ್ಕೆ ಬೇಕಾದ ಅಡಿಪಾಯದ ಬಗ್ಗೆ ಹೇಳ್ತಿದ್ದ.

ಈ ವಿಷಯದಲ್ಲಿ ನಮ್ಮ ಸೀಮೆ ಬಡವಾಗಿಲ್ಲ. ಕಡಕೋಳ ಮಡಿವಾಳಪ್ಪ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬ ಇದೇ ಕಲಬುರಗಿ-ಯಾದಗಿರಿ ಬಯಲಿನವರು. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಹಿಂದೂ-ಮುಸ್ಲಿಮರಿಬ್ಬರೂ ನಡಕೊಳ್ತಾರೆ. ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನದ ಭಾಷೆಯೇ ಒಂದು ಬೆಡಗು. ಮೊಹರಂ ಬಂದರೆ ಹಳ್ಳಿ ಹಳ್ಳಿಯಲ್ಲಿ ಕನ್ನಡದ ರಿವಾಯತ್ ಪದ. ಅರಬ್ ನಾಡಿನ ಕರ್ಬಲಾ ಕಥೆಯನ್ನು ಉತ್ತರ ಕರ್ನಾಟಕದ ಧಾಟಿಗೆ ಕೂಡಿಸೋದಕ್ಕೆ ಇವತ್ತಿನ ಹೆಸರು 'ಫ್ಯೂಷನ್'. ನಮ್ಮ ಊರಲ್ಲಿ ಅದಕ್ಕೆ ಯಾರೂ ಹೆಸರು ಇಟ್ಟಿರಲಿಲ್ಲ, ಅಷ್ಟೆ.

ಅಶ್ವಥ್ ಅವರದೂ ಪ್ರಯೋಗವೇ

"ಇದರಾಗ ಶರೀಫಜ್ಜ ಎಲ್ಲಿ ಅದಾನ?" ಅನ್ನೋ ಹುಡುಗನ ಪ್ರಶ್ನೆಯನ್ನು ತಳ್ಳಿಹಾಕೋಕಾಗಲ್ಲ. ಆದರೆ ಅದಕ್ಕೆ ಎದುರಾಗಿ ಒಂದು ಪ್ರಶ್ನೆ ಕೇಳಬೇಕು: ಮೂಲ ಧಾಟಿ ಯಾವುದು?

ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಭಾರತದಲ್ಲಿ ಗ್ರಾಮಫೋನಿಗಾಗಿ ಹಾಡು ಮುದ್ರಣ ಶುರುವಾಗಿದ್ದು 1902ರಲ್ಲಿ, ಕಲ್ಕತ್ತಾದಲ್ಲಿ, ಗೌಹರ್ ಜಾನ್ ದನಿಯ ಕಾಲಕ್ಕೆ. ಅಂದರೆ ಶರೀಫರು ಹೇಗೆ ಹಾಡಿದರು ಅನ್ನೋದರ ಧ್ವನಿ ದಾಖಲೆ ಇಲ್ಲ. ಪದಗಳು ಬಾಯಿಂದ ಬಾಯಿಗೆ, ಮಠದಿಂದ ಮಠಕ್ಕೆ ಬಂದವು. ಪ್ರತಿ ಊರಿನ ಭಜನಾ ಮಂಡಳಿ ತನ್ನ ಧಾಟಿ ಕೂಡಿಸಿತು.

ನಮ್ಮಲ್ಲಿ ಬಹುಪಾಲು ಜನಕ್ಕೆ ಗೊತ್ತಿರುವ ಶರೀಫರು ಸಿ. ಅಶ್ವಥ್ ಕೊಟ್ಟ ಶರೀಫರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡೇ ಅವರು ಸುಗಮ ಸಂಗೀತ ಕಟ್ಟಿದರು. ಕ್ಯಾಸೆಟ್‌ಗಳ ಮೂಲಕ, ಆಮೇಲೆ ಟಿ.ಎಸ್. ನಾಗಾಭರಣ ನಿರ್ದೇಶನದ 1990ರ 'ಸಂತ ಶಿಶುನಾಳ ಶರೀಫ' ಸಿನಿಮಾ ಮೂಲಕ ಶರೀಫರನ್ನು ಮನೆಮನೆಗೆ ತಂದರು. ಏಕತಾರಿಯ ಪದಕ್ಕೆ ವಾದ್ಯವೃಂದ ಸೇರಿಸಿದರು, ಕೋರಸ್ ಸೇರಿಸಿದರು, ನಾಟಕದ ಏರಿಳಿತ ತಂದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿ, ಸುಗಮ ಸಂಗೀತಕ್ಕೂ ಮೈದಾನ ತುಂಬುವಷ್ಟು ಜನ ಬರ್ತಾರೆ ಅಂತ ತೋರಿಸಿದರು. ಭಜನೆಯ ಧಾಟಿಗೆ ಹೊಂದಿಕೊಂಡ ಕಿವಿಗೆ ಇದೆಲ್ಲ ಹೊಸದೇ ಆಗಿತ್ತು. ಆವತ್ತು ಪ್ರಯೋಗವಾಗಿದ್ದು ಇವತ್ತು ನಮಗೆ ಸಂಪ್ರದಾಯ.

ಇದರರ್ಥ ಏನು ಮಾಡಿದರೂ ನಡೆಯುತ್ತೆ ಅಂತಲ್ಲ. ಪದದ ನುಡಿಗಳನ್ನು ಕೈಬಿಟ್ಟು ಬರೀ ಪಲ್ಲವಿಯನ್ನು ಬೀಟ್ ಮೇಲೆ ಸುತ್ತಿಸಿದರೆ ಹಿಡಿತ ಉಳಿಯುತ್ತೆ, ಹುಡುಕಾಟ ಹೋಗುತ್ತೆ. ಶರೀಫರ ಬಗ್ಗೆ ಕಾಳಜಿ ಇರುವವರು ಕಾಯಬೇಕಾದ್ದು ಅದನ್ನ. ಗಿಟಾರಿಗೆ ಹೆದರಬೇಕಾಗಿಲ್ಲ.

ಖಾನಾವಳಿ ಲೆಕ್ಕ

ಈಗ ನಾನು ಓದಿದ ಎಂಜಿನಿಯರಿಂಗ್ ಸ್ವಲ್ಪ ಉಪಯೋಗಕ್ಕೆ ಬರಲಿ. ನೀವು ಒಂದು ಹೊಸ ಊರಿಗೆ ಹೋಗಿದ್ದೀರಿ ಅಂದ್ಕೊಳ್ಳಿ. ಮೊದಲ ದಿನ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡಿರಿ. ಛಲೋ ಇತ್ತು. ಎರಡನೇ ದಿನ ಅಲ್ಲಿಗೇ ಹೋಗ್ತೀರಾ, ಪಕ್ಕದ ಓಣಿಯಲ್ಲಿ ಇನ್ನೊಂದನ್ನು ಹುಡುಕ್ತೀರಾ? ಅಲ್ಲಿಗೇ ಹೋದರೆ ಊಟ ಖಾತ್ರಿ. ಹೊಸದು ಹುಡುಕಿದರೆ ಇನ್ನೂ ಛಲೋ ಸಿಗಬಹುದು, ಹೊಟ್ಟೆಯೂ ಕೆಡಬಹುದು.

ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ 'ಎಕ್ಸ್‌ಪ್ಲೋರ್-ಎಕ್ಸ್‌ಪ್ಲಾಯ್ಟ್' ಸಮಸ್ಯೆ ಅಂತಾರೆ. ಗೊತ್ತಿರುವುದರ ಲಾಭ ಪಡೆಯೋದಾ, ಗೊತ್ತಿಲ್ಲದ್ದನ್ನು ಹುಡುಕೋದಾ ಅನ್ನೋ ಆಯ್ಕೆ. ಇದರ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಉತ್ತರವಿದೆ: ನಿಮ್ಮ ಬಳಿ ಎಷ್ಟು ಕಾಲ ಉಳಿದಿದೆ ಅನ್ನೋದರ ಮೇಲೆ ಆಯ್ಕೆ ನಿಂತಿರುತ್ತೆ. ಆ ಊರಲ್ಲಿ ಇನ್ನೂ ಒಂದು ವರ್ಷ ಇರ್ತೀರಿ ಅಂದ್ರೆ ಹುಡುಕೋದು ಲಾಭ. ಇವತ್ತೇ ಕೊನೇ ಊಟ ಅಂದ್ರೆ ಗೊತ್ತಿರೋ ಖಾನಾವಳಿಗೆ ಹೋಗೋದೇ ಜಾಣತನ.

ಸಂಗೀತಕ್ಕೂ ಇದೇ ಲೆಕ್ಕ. ಇಂಗ್ಲೆಂಡಿನ ರೇಡಿಯೋಹೆಡ್ ಬ್ಯಾಂಡ್ 1997ರಲ್ಲಿ 'ಓಕೆ ಕಂಪ್ಯೂಟರ್' ಆಲ್ಬಮ್‌ನಿಂದ ಜಗತ್ತೆಲ್ಲ ಹೆಸರಾಯಿತು. 2000ದಲ್ಲಿ 'ಕಿಡ್ ಎ' ತಂದಾಗ ಗಿಟಾರನ್ನು ಬಹುಪಾಲು ಪಕ್ಕಕ್ಕಿಟ್ಟು ಕಂಪ್ಯೂಟರ್ ಸದ್ದುಗಳ ಹಿಂದೆ ಹೋಯಿತು, ಪ್ರಚಾರಕ್ಕೆ ಅಂತ ಒಂದು ಸಿಂಗಲ್ ಕೂಡ ಬಿಡಲಿಲ್ಲ. ಅಭಿಮಾನಿಗಳು ಇಬ್ಭಾಗವಾದರು. ಆದರೂ ಆ ಆಲ್ಬಮ್ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. ಹಿಂದೆ ಗಳಿಸಿದ್ದ ನಂಬಿಕೆ ಮತ್ತು ಹಣ ಅವರಿಗೆ ಪುರುಸೊತ್ತು ಕೊಟ್ಟಿತ್ತು. ಸೋತಿದ್ದರೂ ಬ್ಯಾಂಡ್ ಮುಳುಗ್ತಿರಲಿಲ್ಲ.

ಹಾಗಾಗಿ ನಾನು ಹೇಳೋದು ಇಷ್ಟು. ಪ್ರಯೋಗ ಬರೀ ರುಚಿಯ ಪ್ರಶ್ನೆಯಲ್ಲ, ಪುರುಸೊತ್ತಿನ ಪ್ರಶ್ನೆ. ಸೋಲೋದಕ್ಕೆ ಕಾಲ ಇದ್ದವರು ಪ್ರಯೋಗ ಮಾಡ್ತಾರೆ. ಇಲ್ಲದವರು ಗೊತ್ತಿರುವ ಪಲ್ಲವಿಗೇ ಅಂಟಿಕೊಳ್ತಾರೆ. ಅಮಾವಾಸ್ಯೆ ಭಜನೆಗೆ ಇಡೀ ರಾತ್ರಿ ಇರ್ತಿತ್ತು, ಮುಂದಿನ ಅಮಾವಾಸ್ಯೆಯೂ ಇರ್ತಿತ್ತು. ಇವತ್ತು ಧಾಟಿ ತಪ್ಪಿದರೆ ಮುಂದಿನ ತಿಂಗಳು ಸರಿ ಮಾಡ್ಕೊಬಹುದಿತ್ತು. ಬೆಡಗಿನಂಥ ಕಠಿಣ ಸಾಹಿತ್ಯ ಹಳ್ಳಿಯಲ್ಲಿ ಉಳಿದದ್ದಕ್ಕೆ ಆ ಪುರುಸೊತ್ತೂ ಒಂದು ಕಾರಣ.

ಮೂವತ್ತು ಸೆಕೆಂಡಿನ ಕಾಲ

ಈಗ ಎಷ್ಟು ಕಾಲ ಇದೆ? ಸ್ಪಾಟಿಫೈ ಲೆಕ್ಕದಲ್ಲಿ ಒಂದು ಹಾಡು 'ಕೇಳಲಾಗಿದೆ' ಅನ್ನಿಸಿಕೊಳ್ಳೋಕೆ 30 ಸೆಕೆಂಡ್ ಓಡಬೇಕು. 29ನೇ ಸೆಕೆಂಡಿಗೆ ನೀವು ಮುಂದಕ್ಕೆ ಜಾರಿಸಿದರೆ ಹಾಡಿದವರಿಗೆ ಏನೂ ಇಲ್ಲ. 2024ರಿಂದ ಇನ್ನೊಂದು ನಿಯಮ ಸೇರಿದೆ: ವರ್ಷಕ್ಕೆ ಕನಿಷ್ಠ 1,000 ಸಲ ಕೇಳದ ಹಾಡಿಗೆ ರಾಯಲ್ಟಿ ಲೆಕ್ಕವೇ ಇಲ್ಲ.

ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕ 1986ರಿಂದ 2015ರವರೆಗಿನ ಅಲ್ಲಿನ ಟಾಪ್-10 ಹಾಡುಗಳನ್ನು ಅಳೆದು ನೋಡಿದರು. ಹಾಡಿನ ದನಿ ಶುರುವಾಗೋಕೆ ಮುಂಚಿನ ಬರೀ ವಾದ್ಯದ ಭಾಗ 80ರ ದಶಕದಲ್ಲಿ 20 ಸೆಕೆಂಡಿಗೂ ಹೆಚ್ಚಿತ್ತು. 2015ರ ಹೊತ್ತಿಗೆ ಅದು ಸುಮಾರು 5 ಸೆಕೆಂಡಿಗೆ ಇಳಿದಿತ್ತು. ಕೇಳುಗ ಓಡಿ ಹೋಗದಂತೆ ತಕ್ಷಣ ಹಿಡಿಯಬೇಕು ಅನ್ನೋ ಅವಸರ ಹಾಡಿನ ಆಕಾರವನ್ನೇ ಬದಲಿಸಿತ್ತು.

ನಮ್ಮಲ್ಲಿ ಇದು ಇನ್ನೂ ಬೇಗ ಆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧ, ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್. ನಾಲ್ಕೇ ವರ್ಷದಲ್ಲಿ ರಂಗಂಪೇಟೆಯ ಹುಡುಗನ ಕೈಗೆ ಇಡೀ ಜಗತ್ತಿನ ಸಂಗೀತ ಬಂತು. ಇದು ಸಣ್ಣ ಮಾತಲ್ಲ. ನಾನು ಪಿಯುಸಿ ಓದುವಾಗ ಒಂದು ಇಂಗ್ಲಿಷ್ ಆಲ್ಬಮ್ ಬೇಕಂದ್ರೆ ಕಲಬುರಗಿಗೆ ಹೋಗುವವರಿಗೆ ಚೀಟಿ ಬರೆದು ಕೊಡ್ತಿದ್ದೆ. ಆದರೆ ಆ ಜಗತ್ತು ಬಂದದ್ದು ರೀಲ್‌ನ ತುಣುಕಾಗಿ. ಕೇಳೋದಕ್ಕೆ ಎಲ್ಲವೂ ಇದೆ, ಒಂದರ ಮುಂದೆ ಕೂರೋದಕ್ಕೆ ಹೊತ್ತಿಲ್ಲ.

ಪ್ರಯೋಗ ಮಾಡುವ ಹಕ್ಕು ಯಾರದು?

ಚಹಾದಂಗಡಿಯ ನಾಲ್ವರಲ್ಲಿ ಒಬ್ಬ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಅವನು ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತಾನೆ. ಕೀಬೋರ್ಡ್ ಕಂತಿನ ಮೇಲೆ ತಗೊಂಡದ್ದು. ನಿನಗೇನು ಅನಿಸ್ತದೋ ಅಂತ ನಾನೇ ಕೇಳಿದೆ.

"ನನಗ ಆ ವಯೊಲಿನ್ ಮತ್ತ ಗಿಟಾರ್ ಕೂಡಿ ಬರ್ತದಲ್ಲ, ಅದು ಭಾಳ ಹಿಡಸ್ತದ ಯಣ್ಣಾ. ಹಂಗ ನಾನೂ ಒಂದು ಮಾಡಿ ಇಟ್ಟೀನಿ. ಆದ್ರ ಮದವಿ ಮನ್ಯಾಗ ಹೊಸಾ ಧಾಟಿ ನುಡಿಸಿದ್ರ ಮುಂದಿನ ಸಲ ಯಾರೂ ಕರ್ಯಂಗಿಲ್ಲ."

ಖಾನಾವಳಿ ಲೆಕ್ಕ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಿಂಗಳ ಕಂತು ಅಂದ್ರೆ ಅವನ ಮಟ್ಟಿಗೆ ಪ್ರತಿ ತಿಂಗಳೂ ಕೊನೇ ಊಟವೇ.

ಅಭಿಮಾನಿಗಳ ಜಗಳ ರಾಜಕೀಯವಾಗೋದು ಇಲ್ಲಿಂದ. ಬೆಂಗಳೂರಿನಲ್ಲಿ ಹೊಸ ಬ್ಯಾಂಡ್‌ಗೆ ಕೆಫೆ ಇದೆ, ಪಬ್ ಇದೆ, ಕಾಲೇಜು ಫೆಸ್ಟ್ ಇದೆ, ಸ್ಟುಡಿಯೋ ಇದೆ. ಅಲ್ಲೂ ಸಂಗೀತಗಾರರ ಬದುಕು ಸುಲಭವಲ್ಲ, ನಿಜ. ಆದರೆ ಐವತ್ತು ಜನರ ಮುಂದೆ ಸೋತು ಮನೆಗೆ ಹೋಗಿ, ಮುಂದಿನ ವಾರ ಇನ್ನೊಂದು ಕಡೆ ಮತ್ತೆ ಹಾಡೋದಕ್ಕೆ ಅಲ್ಲಿ ಜಾಗ ಇದೆ. ಸುರಪುರದಲ್ಲಿ ವಾದ್ಯ ಹಿಡಿದವನಿಗೆ ಇರುವ ವೇದಿಕೆ ಮದುವೆ, ಜಾತ್ರೆ, ಗಣಪತಿ ಮೆರವಣಿಗೆ. ಮೂರರಲ್ಲೂ ಕರೆಸಿದವರು ಕೇಳಿದ್ದನ್ನೇ ನುಡಿಸಬೇಕು. ಸರ್ಕಾರದ ಉತ್ಸವಗಳ ದೊಡ್ಡ ವೇದಿಕೆ ಹೆಚ್ಚಾಗಿ ಸಿನಿಮಾ ಗಾಯಕರಿಗೆ. ಸ್ಥಳೀಯರಿಗೆ ಸಿಗೋದು ಮಧ್ಯಾಹ್ನ ಮೂರು ಗಂಟೆಯ ಬಿಸಿಲು.

ಇನ್ನೂ ಒಂದು ತಾರತಮ್ಯ ಇದೆ, ಅದು ಕಣ್ಣಿಗೆ ಬೇಗ ಬೀಳೋದಿಲ್ಲ. ಬೆಂಗಳೂರು-ಮೈಸೂರಿನ ಬ್ಯಾಂಡ್ ಉತ್ತರ ಕರ್ನಾಟಕದ ಪದ ತಗೊಂಡು ಅದಕ್ಕೆ ರಾಕ್ ಕೂಡಿಸಿದರೆ ನಾವು ಅದನ್ನು 'ಪ್ರಯೋಗ' ಅಂತೀವಿ. ಯಾದಗಿರಿಯ ಹುಡುಗ ಅದನ್ನೇ ಮಾಡಿದರೆ, "ನಿನಗ್ಯಾಕಪ್ಪ ಇಂಗ್ಲಿಷ್ ಸಂಗೀತ, ನಿಮ್ಮ ಜವಾರಿ ಪದ ಹಾಡು" ಅಂತೀವಿ. ಒಬ್ಬರಿಗೆ ಬೇರೆ ಬೇರೆಯದನ್ನು ಕೂಡಿಸುವ ಸ್ವಾತಂತ್ರ್ಯ, ಇನ್ನೊಬ್ಬರಿಗೆ 'ಅಸಲಿ'ಯಾಗಿಯೇ ಇರಬೇಕಾದ ಕರ್ತವ್ಯ. ನಮ್ಮ ಸೀಮೆಯ ಹತ್ತಿ, ತೊಗರಿ ಹೇಗೆ ಕಚ್ಚಾ ಮಾಲಾಗಿ ಹೊರಗೆ ಹೋಗುತ್ತೋ, ಪದವೂ ಹಾಗೇ ಹೋಗುತ್ತೆ. ಇದು ಆ ಬ್ಯಾಂಡ್‌ಗಳ ತಪ್ಪಲ್ಲ. ಅವರು ಶರೀಫರನ್ನು ಹಾಡಿದ್ದರಿಂದಲೇ ನನ್ನ ಕಾಕಾನ ಮಗ ಶರೀಫರ ಬಗ್ಗೆ ಜಗಳ ಆಡ್ತಿದ್ದಾನೆ. ತಪ್ಪಿರೋದು ಕೂಡಿಸುವ ಅವಕಾಶ ಒಂದೇ ಕಡೆ ಗುಡ್ಡೆ ಬಿದ್ದಿರುವುದರಲ್ಲಿ.

ಹಿಂದೆ ಇಲ್ಲಿ ಹೀಗಿರಲಿಲ್ಲ ಅನ್ನೋದಕ್ಕೆ ಪುರಾವೆ ದೂರ ಹುಡುಕಬೇಕಿಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಚಿತ್ರಕಾರರು ಬೆಳೆದರು, 'ಸುರಪುರ ಶೈಲಿ' ಅಂತ ಒಂದು ಚಿತ್ರಕಲೆಯ ಧಾಟಿಯೇ ಹುಟ್ಟಿತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಸಾವಿನೊಂದಿಗೆ ಆ ಸಂಸ್ಥಾನ ಮುಗಿಯಿತು. ಅರಸೊತ್ತಿಗೆ ಮತ್ತೆ ಬರಲಿ ಅಂತ ನಾನು ಹೇಳ್ತಿಲ್ಲ. ಕಲಾವಿದರಿಗೆ ಹೊತ್ತು ಮತ್ತು ಹೊಟ್ಟೆಗೆ ಸಿಕ್ಕರೆ ಈ ಊರಲ್ಲೂ ಹೊಸ ಶೈಲಿ ಹುಟ್ಟುತ್ತೆ ಅಂತಷ್ಟೇ ಹೇಳ್ತಿದ್ದೀನಿ. ಪ್ರಜಾಪ್ರಭುತ್ವದಲ್ಲಿ ಆ ಕೆಲಸ ಸರ್ಕಾರದ್ದು ಮತ್ತು ನಮ್ಮದು.

ಕೇಳಬೇಕಾದ್ದು ಏನು?

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ಕಲಂ ನಮ್ಮ ಭಾಗಕ್ಕೆ ಓದು ಮತ್ತು ಉದ್ಯೋಗದಲ್ಲಿ ಮೀಸಲಾತಿ ಕೊಟ್ಟಿದೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಕೊಟ್ಟಿದೆ. 2023-24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ರಸ್ತೆ, ಶಾಲೆ, ಆಸ್ಪತ್ರೆ ಮೊದಲು ಆಗಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ದೊಡ್ಡ ಮೊತ್ತದ ಮುಂದೆ ಈ ಬೇಡಿಕೆಗಳು ದುಬಾರಿ ಅಲ್ಲ:

ಒಂದು, ತಾಲ್ಲೂಕಿಗೊಂದು ಅಭ್ಯಾಸದ ಕೋಣೆ. ಒಂದು ಡ್ರಮ್ ಸೆಟ್, ಎರಡು ಸ್ಪೀಕರ್, ಮೈಕು, ಸಾಧಾರಣ ರೆಕಾರ್ಡಿಂಗ್ ಸಲಕರಣೆ. ಗ್ರಂಥಾಲಯದಂತೆ ಕಾರ್ಡ್ ತೋರಿಸಿ ಬಳಸುವ ಹಾಗಿರಲಿ.

ಎರಡು, ಸರ್ಕಾರಿ ರಂಗಮಂದಿರಗಳಲ್ಲಿ ತಿಂಗಳಿಗೊಂದು ಸಂಜೆ ಬಾಡಿಗೆ ಇಲ್ಲದೆ ಸ್ಥಳೀಯ ಹುಡುಗ-ಹುಡುಗಿಯರಿಗೆ. ಹುಡುಗಿಯರು ಅಂತ ಒತ್ತಿ ಹೇಳ್ತಿದ್ದೀನಿ, ಯಾಕಂದ್ರೆ ಮೆರವಣಿಗೆಯ ಡಿಜೆ ಗಾಡಿ ಮುಂದೆ ಅವರಿಗೆ ಜಾಗವೇ ಇಲ್ಲ. ಚಹಾದಂಗಡಿ ಮುಂದೆಯೂ ಇರಲಿಲ್ಲ, ನೀವು ಗಮನಿಸಿರಬಹುದು.

ಮೂರು, ಸರ್ಕಾರಿ ಉತ್ಸವಗಳಲ್ಲಿ ಸ್ಥಳೀಯ ಹೊಸ ತಂಡಕ್ಕೆ ಮುಖ್ಯ ವೇದಿಕೆಯಲ್ಲಿ, ರಾತ್ರಿಯ ಹೊತ್ತು ಅರ್ಧ ಗಂಟೆ.

ಇದು ಕೇಳುಗರಿಗೂ ಅನ್ವಯಿಸುವ ಮಾತು. ನಿಮ್ಮ ಊರಿನ ಹುಡುಗ ಯೂಟ್ಯೂಬಿಗೆ ಒಂದು ಹೊಸ ಹಾಡು ಹಾಕಿದರೆ 30 ಸೆಕೆಂಡಿಗೆ ಜಾರಿಸಬೇಡಿ. ಪೂರ್ತಿ ಕೇಳಿ, ನಾಳೆ ಇನ್ನೊಂದು ಸಲ ಕೇಳಿ. ಝಯಾಂಕ್ ಲೆಕ್ಕ ನೆನಪಿದೆಯಲ್ಲ? ಮೊದಲ ಸಲ ಹಿಡಿಸದ್ದು ಮೂರನೇ ಸಲಕ್ಕೆ ಹಿಡಿಸಬಹುದು. ಆಗಲೂ ಹಿಡಿಸದಿದ್ದರೆ ಧಾರಾಳವಾಗಿ ಬಯ್ಯಿರಿ. ಬಯ್ಯೋದಕ್ಕೂ ಪೂರ್ತಿ ಕೇಳಿರಬೇಕು.

ಚಹಾದಂಗಡಿಯಲ್ಲಿ ಕೊಡದ ಉತ್ತರವನ್ನು ಹೋದ ವಾರ ಫೋನಿನಲ್ಲಿ ಕೊಟ್ಟೆ. "ಮೂವರೂ ಖರೆ ಅದೀರಿ, ಆದ್ರ ಜಗಳ ತಪ್ಪು ಜಾಗದಾಗ ಮಾಡಾಕತ್ತೀರಿ" ಅಂದೆ. ಅವನಿಗೆ ನನ್ನ ಉತ್ತರದಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ, ಹೇಳೋದಕ್ಕೆ ಅವನದೇ ಸುದ್ದಿ ಇತ್ತು. ಕೀಬೋರ್ಡಿನ ಹುಡುಗ ಅಮಾವಾಸ್ಯೆ ದಿನ ಮಠದ ಭಜನೆಗೆ ತನ್ನ ಕೀಬೋರ್ಡ್ ಹೊತ್ತುಕೊಂಡು ಹೋಗಿದ್ದನಂತೆ. ಹಿರಿಯರು ಮೊದಲು ಹುಬ್ಬು ಗಂಟು ಹಾಕಿದರಂತೆ. ಆಮೇಲೆ ಒಬ್ಬರು, "ಬಾರಸು, ಆದ್ರ ತಾಳ ತಪ್ಪಬ್ಯಾಡ" ಅಂದರಂತೆ.

"ತಪ್ಪಿದನೇನು?" ಅಂತ ಕೇಳಿದೆ.

"ಮೂರು ಸಲ ತಪ್ಪಿದ ಯಣ್ಣಾ. ಆದ್ರ ಯಾರೂ ಎದ್ದು ಹೋಗಲಿಲ್ಲ. ಮುಂದಿನ ಅಮಾಸಿಗಿ ಮತ್ತ ಬಾ ಅಂದಾರ."